ಒಂದು ಸಿಗರೇಟಿಗೆ ಒಂದು ಕೊಡಪಾನ

ಈ ದೇಶದಲ್ಲಿ ಸಿಗರೇಟಿನ ಮೇಲೆ ತೆರಿಗೆ ಹಾಕುವ ಅಧಿಕಾರ ಆ ಕಾಲಕ್ಕೆ ಇಬ್ಬರಿಗೆ ಮಾತ್ರ ಇತ್ತು. ಒಬ್ಬರು ದಿಲ್ಲಿಯಲ್ಲಿ ಕೂತ ಹಣಕಾಸು ಮಂತ್ರಿಗಳು. ಇನ್ನೊಬ್ಬರು ಡೊಂಬಿವಲಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕೂತ ನಮ್ಮ ದೊಡ್ಡಮ್ಮ. ದಿಲ್ಲಿಯಲ್ಲಿ ಮಂತ್ರಿಗಳು ಬಂದರು, ಹೋದರು. ದೊಡ್ಡಮ್ಮನ ಖಾತೆ ಒಮ್ಮೆಯೂ ಬದಲಾಗಲಿಲ್ಲ. ಮಂತ್ರಿಗಳ ತೆರಿಗೆ ತಪ್ಪಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ದೊಡ್ಡಮ್ಮನ ತೆರಿಗೆ ತಪ್ಪಿಸಿಕೊಂಡವನು ಒಬ್ಬನಿದ್ದರೆ ಬರಲಿ, ಇಂದಿಗೂ ಅವನ ಕಾಲಿಗೆ ಬೀಳಲು ನಾನು ತಯಾರು!

ಬಡಾಯಿ ಅನ್ನುತ್ತೀರಾ? ಹಾಗಾದರೆ ಕೇಳಿ. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಓದಿದ್ದು ಉಡುಪಿಯ ಹತ್ತಿರದ ಶಾಲೆಯೊಂದರಲ್ಲಿ ಏಳನೇ ಕ್ಲಾಸಿನವರೆಗೆ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಮರಾಠಿಯನ್ನು ತರಕಾರಿಯವಳಿಂದ, ಹಿಂದಿಯನ್ನು ರೇಡಿಯೋದಿಂದ, ಅರ್ಥಶಾಸ್ತ್ರವನ್ನು ದೊಡ್ಡಪ್ಪನಿಂದ ಕಲಿತರು. ದೊಡ್ಡಪ್ಪ ಠಾಣೆಯ ಕೋಪರಿಯಲ್ಲಿ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಂಪನಿಯ ಗುಮಾಸ್ತರು. ಪೇಟೆಯೊಳಗೆ ಬರುವ ಮಾಲಿಗೆಲ್ಲ ಆಗ ಹೊರಗಡೆಯೇ ಜಕಾತಿ ಕಟ್ಟಬೇಕಿತ್ತು. ಕಂಪನಿಯ ಲಾರಿ ಬಂದಾಗ ಕಾಗದಪತ್ರ ಹಿಡಿದು ಜಕಾತ್ ನಾಕಾ ಎಂಬ ಸುಂಕದ ಕಟ್ಟೆಯಲ್ಲಿ ನಿಲ್ಲುವುದು, ಒಳಗಿನ ಮಾಲು ತೋರಿಸುವುದು, ಲಾರಿ ಬಿಡಿಸಿಕೊಂಡು ಬರುವುದು ಅವರ ಕೆಲಸ. ಸಂಜೆ ಮನೆಗೆ ಬಂದು, ಯಾವ ಮಾಲಿಗೆ ಯಾವ ದರ, ಯಾವ ಡ್ರೈವರು ಏನನ್ನು ಎಲ್ಲಿ ಅಡಗಿಸಿ ತಂದ, ನಾಕಾದವರು ಅದನ್ನು ಹೇಗೆ ಪತ್ತೆ ಹಚ್ಚಿದರು ಎಂದು ರಸವತ್ತಾಗಿ ವರ್ಣಿಸುತ್ತಿದ್ದರು. ದೊಡ್ಡಮ್ಮ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆ ವಿದ್ಯೆಯೆಲ್ಲ ಒಂದು ದಿನ ತನ್ನ ಮೇಲೆಯೇ ಪ್ರಯೋಗವಾಗುತ್ತದೆ ಎಂದು ದೊಡ್ಡಪ್ಪನಿಗೆ, ಪಾಪ, ಹೇಗೆ ಗೊತ್ತಾಗಬೇಕು!

ಎಪ್ಪತ್ತರ ದಶಕದ ಕೊನೆಗೆ ನಾನು ಒಂದು ಟ್ರಂಕು, ಒಂದು ಬಿ.ಕಾಂ. ಸರ್ಟಿಫಿಕೇಟು ಹಿಡಿದುಕೊಂಡು ಅವರ ಮನೆಗೆ ಬಂದಿಳಿದೆ. ಒಂದು ಕೋಣೆ, ಒಂದು ಅಡುಗೆಮನೆ. ಮಕ್ಕಳಿಲ್ಲದ ಮನೆಯಾದ್ದರಿಂದ ನನಗೆ ಕೋಣೆಯ ಕಿಟಕಿಯ ಬದಿಯೇ ಸಿಕ್ಕಿತು. ನಳದ ನೀರು ಬೆಳಿಗ್ಗೆ ಮುಕ್ಕಾಲು ಗಂಟೆ ಮಾತ್ರ, ಅದೂ ನೆಲದ ಮಟ್ಟದಲ್ಲಿ. ಅದು ಕೆಳಗಿನ ಸಿಮೆಂಟಿನ ಟಾಂಕಿಯಲ್ಲಿ ತುಂಬಿರುತ್ತಿತ್ತು. ಉಳಿದದ್ದು ಅವರವರ ಕೈಕಾಲಿಗೆ ಬಿಟ್ಟದ್ದು. ಕೆಳಗಿನಿಂದ ನಮ್ಮ ಬಾಗಿಲಿಗೆ ಐವತ್ತನಾಲ್ಕು ಮೆಟ್ಟಿಲು. ಈ ಐವತ್ತನಾಲ್ಕನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಬಂದಾಗಲೇ ದೊಡ್ಡಪ್ಪನಿಗೆ ಕೆಮ್ಮು. ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದರು. ಅವರು ಆಫೀಸಿನಿಂದ ಬಂದರೆಂದು ಇಡೀ ಕಟ್ಟಡಕ್ಕೆ ತಿಳಿಯುತ್ತಿದ್ದದ್ದು ಕೆಮ್ಮಿನಿಂದಲೇ. ಒಂದು ದಿನ ದೊಡ್ಡಮ್ಮ ಅವರನ್ನು ಕಲ್ಯಾಣದ ಡಾಕ್ಟರೊಬ್ಬರ ಬಳಿ ಎಳೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಹಚ್ಚಿ, ಹಿಂದೆ ಮುಂದೆ ತಟ್ಟಿ ನೋಡಿ, "ಎಷ್ಟನೇ ಮಹಡಿ?" ಎಂದು ಕೇಳಿದರಂತೆ. ಮೂರನೆಯದು ಎಂದರು ದೊಡ್ಡಮ್ಮ. "ದಿನಾ ಹತ್ತಿ ಇಳಿಯಲಿ, ಅದು ಒಳ್ಳೆಯದೇ. ಹೊಗೆ ಮಾತ್ರ ಬಿಡಬೇಕು. ಬಿಡದಿದ್ದರೆ ಇನ್ನು ಎರಡು ವರ್ಷದಲ್ಲಿ ಆ ಮೆಟ್ಟಿಲು ಹತ್ತಲಿಕ್ಕೇ ಆಗುವುದಿಲ್ಲ" ಎಂದರು ಡಾಕ್ಟರು. ದೊಡ್ಡಪ್ಪ ಹೊರಗೆ ಬಂದವರೇ, "ಈ ಡಾಕ್ಟರುಗಳು ಎಲ್ಲರಿಗೂ ಇದನ್ನೇ ಹೇಳ್ತಾರೆ" ಎಂದು ಕಿಸೆಗೆ ಕೈ ಹಾಕಿದರು. ದೊಡ್ಡಮ್ಮ ಮನೆಗೆ ಬಂದು, ಇಪ್ಪತ್ತು ವರ್ಷ ಹತ್ತಿಳಿದ ಮೆಟ್ಟಿಲನ್ನು ಅಂದು ಮೊದಲ ಸಲ ಎಣಿಸಿದರು. ಐವತ್ತನಾಲ್ಕು ಎಂಬುದು ನನಗೆ ಗೊತ್ತಾದದ್ದು ಹಾಗೆ.

ಮೊದಮೊದಲು ದೊಡ್ಡಮ್ಮ ಭರವಸೆ ಇಟ್ಟದ್ದು ಸರಕಾರದ ಮೇಲೆಯೇ. ಫೆಬ್ರವರಿಯ ಕೊನೆಯ ಸಂಜೆ ಬಜೆಟ್ಟು. ಅದಕ್ಕೆ ಎರಡು ದಿನ ಮೊದಲೇ ಸ್ಟೇಷನ್ ಎದುರಿನ ಪಾನ್ ಅಂಗಡಿಯಲ್ಲಿ ಸಿಗರೇಟು ಮಾಯವಾಗುತ್ತಿತ್ತು. ಏರಿದ ಮೇಲೆ ಮಾರೋಣವೆಂದು ಅಂಗಡಿಯವನು ಒಳಗಿಡುತ್ತಿದ್ದ. ನಮ್ಮ ಕಟ್ಟಡದ ಗಂಡಸರು ಮುಖ ಸಣ್ಣದು ಮಾಡಿಕೊಂಡು ರೇಡಿಯೋದ ಮುಂದೆ ಕೂರುತ್ತಿದ್ದರು. ದೊಡ್ಡಮ್ಮ ಮಾತ್ರ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ರವೆ, ಸಕ್ಕರೆ, ತುಪ್ಪ ತೆಗೆದಿಟ್ಟುಕೊಂಡು ಕೂರುತ್ತಿದ್ದರು. ಸಿಗರೇಟಿನ ಮೇಲೆ ತೆರಿಗೆ ಏರಿದರೆ ಶೀರಾ, ಏರದಿದ್ದರೆ ಗಂಜಿ, ಉಪ್ಪಿನಕಾಯಿ! ಕೊನೆಕೊನೆಗೆ ರೇಡಿಯೋ ಇಲ್ಲದವರೂ ಬಜೆಟ್ಟನ್ನು ಮೂಗಿನಿಂದಲೇ ತಿಳಿಯುವಂತಾಯಿತು. ಮೂರನೇ ಮಹಡಿಯಿಂದ ತುಪ್ಪದ ಪರಿಮಳ ಬಂದರೆ ಸಿಗರೇಟು ಏರಿತೆಂದೇ ಅರ್ಥ.

ಒಂದು ವರ್ಷ ಭರ್ಜರಿಯಾಗಿಯೇ ಏರಿತು. ಶೀರಾಕ್ಕೆ ಗೋಡಂಬಿಯೂ ಬಿತ್ತು. ದೊಡ್ಡಮ್ಮ ಮನೆಮನೆಗೆ ಹಂಚಿದರು. ಸಿಗರೇಟು ಸೇದುವವರು ಶಾಪ ಹಾಕುತ್ತಾ ತಿಂದರು. ಆದರೆ ಮುಂದಿನ ತಿಂಗಳು ದೊಡ್ಡಮ್ಮ ಒಂದು ವಿಷಯ ಗಮನಿಸಿದರು. ದೊಡ್ಡಪ್ಪ ಸೇದುವುದು ಅದೇ ಹತ್ತು. ಮನೆಗೆ ಬರುವ ಹಾಲು ಮಾತ್ರ ಅರ್ಧಕ್ಕೆ ಇಳಿದಿತ್ತು.

"ನೋಡಿದೆಯಾ ಮಗ," ಎಂದು ನನ್ನನ್ನು ಕರೆದು ಖಾಲಿ ಹಾಲಿನ ಪಾತ್ರೆ ತೋರಿಸಿದರು. "ದಿಲ್ಲಿಯಲ್ಲಿ ತೆರಿಗೆ ಹಾಕಿದ್ದು ಸಿಗರೇಟಿಗೆ. ಕಟ್ಟಿದ್ದು ನಮ್ಮ ಹಾಲು! ಈ ಸರಕಾರದವರಿಗೆ ತೆರಿಗೆ ಹಾಕಲಿಕ್ಕೆ ಬರುವುದಿಲ್ಲ ಮಾರಾಯ."

"ಮತ್ತೆ ಹೇಗೆ ಹಾಕಬೇಕು ದೊಡ್ಡಮ್ಮ?"

"ಸರಕಾರ ಕಿಸೆಗೆ ಹಾಕ್ತದೆ. ಕಿಸೆ ನೋಯುವುದು ಹೆಂಡತಿಗೆ, ಗಂಡನಿಗಲ್ಲ. ಸೇದುವವರಿಗೆ ಸೊಂಟ ನೋಯಬೇಕು!"

ಹೀಗೆ ಜಾರಿಗೆ ಬಂದದ್ದೇ ಕೊಡಪಾನ ತೆರಿಗೆ. ಒಂದು ಸಿಗರೇಟಿಗೆ ಒಂದು ಕೊಡ ನೀರು, ಕೆಳಗಿನ ಟಾಂಕಿಯಿಂದ ಮೂರನೇ ಮಹಡಿಗೆ. ಕೊಡ ಸಣ್ಣದು, ತವರಿನಿಂದ ತಂದ ಹಿತ್ತಾಳೆಯದು. ಅಷ್ಟು ದಯೆ ಇತ್ತು. ಸಂಜೆ ದೊಡ್ಡಪ್ಪ ಹೊಸ್ತಿಲಿಗೆ ಬಂದಾಗ ದೊಡ್ಡಮ್ಮ ಅಡ್ಡ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಎಷ್ಟು?" ದೊಡ್ಡಪ್ಪ ಸತ್ಯ ಹೇಳಬೇಕು. ಸುಳ್ಳು ಲೆಕ್ಕ ಕೊಟ್ಟು ಸಿಕ್ಕಿಬಿದ್ದರೆ ಎರಡರಷ್ಟು. ನಾಕಾದಲ್ಲಿಯೂ ಅದೇ ಕಾನೂನು ತಾನೇ? ದೊಡ್ಡಪ್ಪ ಏನೆಂದು ವಾದ ಮಾಡಿಯಾರು!

ಮೊದಲ ದಿನ ದೊಡ್ಡಪ್ಪ ನಗುತ್ತಾ "ಹತ್ತು" ಎಂದರು. ಹೆಂಡತಿಯ ಹುಚ್ಚು ಒಂದು ದಿನದ್ದು ಎಂದುಕೊಂಡಿರಬೇಕು. ಮೊದಲ ಕೊಡ ನಗುತ್ತಲೇ ತಂದರು. ಎರಡನೆಯದಕ್ಕೆ ನಗು ಮೊದಲ ಮಹಡಿಯಲ್ಲಿಯೇ ನಿಂತಿತು. ನಾಲ್ಕನೆಯದಕ್ಕೆ ದೊಡ್ಡಪ್ಪನೇ ಎರಡನೇ ಮಹಡಿಯಲ್ಲಿ ನಿಂತರು. ನಿಂತು, ಕೆಮ್ಮಿ, ಕೂತು, ಮತ್ತೆ ಕೆಮ್ಮಿ ಮೇಲೆ ಬಂದರು. ನಾನು ಕೊಡ ತೆಗೆದುಕೊಳ್ಳಲು ಹೋದರೆ ದೊಡ್ಡಮ್ಮ ನನ್ನ ಅಂಗಿಯ ಕಾಲರು ಹಿಡಿದು ಎಳೆದರು. "ನೀನು ಸೇದಿದೆಯಾ? ಮತ್ತೆ ನಿನಗೆಂತ ಅವಸರ?" ದೊಡ್ಡಮ್ಮ ಕಲ್ಲು ಎಂದುಕೊಂಡೆ ಅಂದು. ಅವರು ಬಾಗಿಲ ಹಿಂದೆ ಹೋಗಿ ನಿಂತದ್ದು ಅಳು ಬಂದರೆ ಕಾಣದಿರಲಿ ಎಂದಿರಬಹುದೆಂದೂ ಅನ್ನಿಸಿತು. ಅದು ಅರ್ಧ ಮಾತ್ರ ಸರಿ ಎಂದು ಗೊತ್ತಾಗಲು ನನಗೆ ಮೂರು ವರ್ಷ ಬೇಕಾಯಿತು.

ಇನ್ನು ದೊಡ್ಡಪ್ಪನ ಕಳ್ಳಸಾಗಣೆಯ ವೃತ್ತಾಂತ! ಜಕಾತ್ ನಾಕಾದಲ್ಲಿ ಎಷ್ಟು ಲಾರಿ ಡ್ರೈವರುಗಳ ಉಪಾಯ ನೋಡಿದವರು, ಅವೆಲ್ಲವನ್ನೂ ಈಗ ತಾವೇ ಪ್ರಯೋಗಿಸತೊಡಗಿದರು. ಏಲಕ್ಕಿ ಜಗಿದು ಬಂದರು. ದೊಡ್ಡಮ್ಮ, "ಯಾರ ಮನೆ ಪಾಯಸ?" ಎಂದರು. ಠಾಣೆಯಿಂದ ಡೊಂಬಿವಲಿಯವರೆಗೆ ಲೋಕಲ್ ರೈಲಿನ ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ನಿಂತು, ಹೊಗೆಯ ವಾಸನೆಯನ್ನೆಲ್ಲ ಹಳಿಯ ಪಕ್ಕದ ಖಾಡಿಯ ನೀರಿಗೆ ಬಿಟ್ಟು ಬಂದರು. ಅಂಗಿಯಲ್ಲಿ ವಾಸನೆ ಒಂದಿಷ್ಟೂ ಇರಲಿಲ್ಲ. ದೊಡ್ಡಮ್ಮ ಮೂಗಿನ ಬದಲು ಕಣ್ಣು ಉಪಯೋಗಿಸಿದರು.

"ತಲೆಕೂದಲು ಎಂತದು ಹೀಗೆ ಎದ್ದು ನಿಂತದ್ದು?"

"ಲೋಕಲಿನಲ್ಲಿ ರಶ್ಶು. ಸೀಟು ಸಿಗಲಿಲ್ಲ, ಬಾಗಿಲಲ್ಲಿ ನಿಂತೆ."

"ಹೌದಾ? ಇವತ್ತು ಭಾನುವಾರ!"

ಭಾನುವಾರ ಅರ್ಧ ದಿನದ ಡ್ಯೂಟಿಗೆ ಹೋಗಿದ್ದರು ದೊಡ್ಡಪ್ಪ. ಖಾಲಿ ಗಾಡಿಯಲ್ಲಿ ಮಲಗಿಕೊಂಡೇ ಬರಬಹುದಿತ್ತು. ಎರಡರಷ್ಟು ಕೊಡ ಹೊತ್ತರು.

ಅವರ ಕೊನೆಯ ಅಸ್ತ್ರ ಮೊಗ್ರಾ, ಅಂದರೆ ನಮ್ಮ ದುಂಡುಮಲ್ಲಿಗೆ. ಸ್ಟೇಷನ್ನಿನ ಹೊರಗೆ ಮೊಗ್ರಾದ ಗಜರಾ ಕೊಂಡು, ಅದನ್ನು ಸಿಗರೇಟಿದ್ದ ಕಿಸೆಯಲ್ಲೇ ಇಟ್ಟುಕೊಂಡು ಬರುವುದು. ಯಾವ ವಾಸನೆ ಬಂದರೂ ಹೂವಿನದೇ ಮೇಲಾಗಬೇಕು! ಮೊದಲ ದಿನ ದೊಡ್ಡಮ್ಮ ಹೂ ತೆಗೆದುಕೊಂಡು, ಕನ್ನಡಿ ನೋಡಿ ಮುಡಿದು, ಬಹಳ ಸಂತೋಷವೆಂದು ಹೇಳಿ, ಆಮೇಲೆ ಕೊಡಪಾನ ಕೈಗಿತ್ತರು. "ಇಪ್ಪತ್ತು ವರ್ಷದಲ್ಲಿ ಒಂದು ದಳ ತಂದವರಲ್ಲ. ಒಳಗೆ ಬೇರೆ ಮಾಲು ಇಲ್ಲದೆ ಮೇಲೆ ಹೂ ಹಾಸುತ್ತಾರಾ ಯಾರಾದರೂ?" ಇದೂ ದೊಡ್ಡಪ್ಪನೇ ಹೇಳಿದ ಯಾವುದೋ ಲಾರಿಯ ಕತೆಯಿಂದ ಕಲಿತದ್ದು. ಮುಂದೆ ಕಟ್ಟಡದ ಹೆಂಗಸರಿಗೆಲ್ಲ ಇದು ಗೊತ್ತಾಗಿ ಹೋಯಿತು. ದೊಡ್ಡಮ್ಮ ಗಜರಾ ಮುಡಿದು ಕೆಳಗಿಳಿದರೆ ಸಾಕು, "ಅಗಬಾಯಿ! ಇವತ್ತು ಎಷ್ಟು ಸಿಕ್ಕಿತು?" ಎಂದು ಕೇಳುತ್ತಿದ್ದರು.

ನಾನೂ ತೆರಿಗೆ ಕಟ್ಟಿದ್ದೇನೆ, ಸುಳ್ಳೇಕೆ ಹೇಳಲಿ? ಆಫೀಸಿನ ಗೆಳೆಯರ ಜೊತೆ ದೊಡ್ಡ ಮನುಷ್ಯನಾಗಲು ಹೋಗಿ ಮೂರು ಸಿಗರೇಟು ಸೇದಿದೆ. ಮೂರು ಕೊಡ ಹೊತ್ತೆ. ಆ ಮೂರರ ನಂತರ ಇಂದಿನವರೆಗೆ ನನಗೆ ಸಿಗರೇಟು ಕಂಡರೆ ಹೆಗಲು ನೋಯುತ್ತದೆ.

ಇಷ್ಟೆಲ್ಲ ತೆರಿಗೆ ಬಂದರೆ ಖಜಾನೆ ತುಂಬಬೇಕಲ್ಲ? ತುಂಬಿತು. ನಮ್ಮ ಡ್ರಮ್ಮು, ಬಕೆಟ್ಟು, ಹಂಡೆ ಎಲ್ಲ ತುಂಬಿ, ದೋಸೆಹಿಟ್ಟಿನ ಪಾತ್ರೆಯಲ್ಲೂ ನೀರು ನಿಂತಿತು. ಉಳಿಕೆ ನೀರನ್ನು ಏನು ಮಾಡುವುದು? ನಮ್ಮ ಮಹಡಿಯಲ್ಲೇ ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ಎಲ್ಲರೂ ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆಯುವ ಒಬ್ಬ ಮಾವಶಿ ಇದ್ದರು. ಸ್ಟೇಷನ್ ಕಡೆಯ ಒಂಟಿ ಗಂಡಸರ ಊಟದ ಡಬ್ಬಿಗಳಿಗೆ ಪೋಳಿ, ಅಂದರೆ ಚಪಾತಿ, ಮಾಡಿ ಕೊಟ್ಟು ಸ್ವಂತ ಕಾಲ ಮೇಲೆ ನಿಂತಿದ್ದವರು. ಆದರೆ ಆ ಕಾಲಿನ ಮಂಡಿ ಎರಡೂ ಹೋಗಿದ್ದವು. ಹಿಟ್ಟು ಕಲಸಲು ನೀರು ಬೇಕು, ತರಲು ಆಗದು. ದೊಡ್ಡಮ್ಮ ತೆರಿಗೆಯನ್ನೆಲ್ಲ ಮಾವಶಿಯ ಡ್ರಮ್ಮಿಗೆ ತಿರುಗಿಸಿದರು. "ಸಿಗರೇಟಿನ ನೀರು ನಮ್ಮ ಮನೆಯಲ್ಲಿ ಬೇಡ. ಸೇದಿದ್ದು ಅವರು, ಪುಣ್ಯ ಮಾವಶಿಗೆ ಹೋಗಲಿ" ಎಂದರು. ಮಾವಶಿ ಅದಕ್ಕೆ ಪ್ರತಿಯಾಗಿ ದಿನಾ ಎರಡು ಪೋಳಿ ಕಳಿಸುತ್ತಿದ್ದರು. ದೊಡ್ಡಪ್ಪ ತನ್ನ ತೆರಿಗೆಯಲ್ಲಿ ಬೆಂದ ಪೋಳಿಯನ್ನು ತಾನೇ ತಿಂದು, "ಮೆತ್ತಗೆ ಉಂಟು" ಎನ್ನುತ್ತಿದ್ದರು.

ಮಾವಶಿಯ ಡ್ರಮ್ಮು ತುಂಬುವುದನ್ನು ನೋಡಿ ಕಟ್ಟಡದ ಇತರ ಹೆಂಗಸರಿಗೂ ಕಣ್ಣು ತೆರೆಯಿತು. ಒಂದೇ ತಿಂಗಳಲ್ಲಿ ಕೊಡಪಾನ ತೆರಿಗೆ ಮೂರೂ ಮಹಡಿಗೆ ಹಬ್ಬಿತು! ಎರಡನೇ ಮಹಡಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಕಾಕಾ ಇದ್ದರು, ದೊಡ್ಡ ವಾದಪಟು. ಗಂಡಸರ ಪರವಾಗಿ ಅವರೇ ಮೇಲೆ ಬಂದು ಮರಾಠಿಯಲ್ಲಿ ಭಾಷಣ ಮಾಡಿದರು. ಸಿಗರೇಟು ಸೇದುವುದು ಮನುಷ್ಯನ ಸ್ವಾತಂತ್ರ್ಯ. ಸರಕಾರಕ್ಕೇ ಅದರಲ್ಲಿ ಕೈ ಹಾಕುವ ಹಕ್ಕಿಲ್ಲ. ಇನ್ನು ವೈನಿ, ನಿಮಗೆ ಎಲ್ಲಿಯದು?

ದೊಡ್ಡಮ್ಮ ತರಕಾರಿಯವಳ ಮರಾಠಿಯಲ್ಲಿ ಉತ್ತರಿಸಿದರು. "ಸೇದಿ ಕಾಕಾ, ಬೇಡವೆಂದು ಯಾರು ಹೇಳಿದರು? ದಿಲ್ಲಿಯವರೂ ಹೇಳಿಲ್ಲ, ನಾನೂ ಹೇಳಿಲ್ಲ. ನಿಮ್ಮ ಸ್ವಾತಂತ್ರ್ಯ ಮೆಟ್ಟಿಲು ಹತ್ತಿಕೊಂಡು ಮೇಲೆ ಬರುವಾಗ ಕೈಯಲ್ಲಿ ಒಂದು ಕೊಡ ಇರಲಿ, ಅಷ್ಟೇ."

ಕಾಕಾ ನಗುತ್ತಾ ಕೆಳಗಿಳಿದರು. ಇಳಿದವರು ಬರಿಗೈಯಲ್ಲಿ ಮತ್ತೆ ಮೇಲೆ ಬರುವಂತಿರಲಿಲ್ಲ. ಅವರ ಹೆಂಡತಿ ಟಾಂಕಿಯ ಬಳಿ ಕೊಡ ಹಿಡಿದು ಕಾಯುತ್ತಿದ್ದರು.

ನಿಜವಾದ ಸವಾಲು ಬಂದದ್ದು ಸಿದ್ದಪ್ಪನಿಂದ. ಪಕ್ಕದ ಜಾಗದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಸಿಮೆಂಟು ಹೊರುವ ಕೆಲಸಕ್ಕೆ ಗುಲಬರ್ಗಾ ಕಡೆಯಿಂದ ಬಂದವನು ಸಿದ್ದಪ್ಪ. ಅವನ ಹೆಂಡತಿಗೆ ನಮ್ಮ ಟಾಂಕಿಯ ನೀರು ಒಯ್ಯಲು ದೊಡ್ಡಮ್ಮನೇ ಕಟ್ಟಡದವರ ಜೊತೆ ಜಗಳವಾಡಿ ಒಪ್ಪಿಗೆ ಕೊಡಿಸಿದ್ದರು. ಈ ಟಾಂಕಿಯ ನೀರು ಕುಡಿದವರೆಲ್ಲ ನನ್ನ ಕಾನೂನಿಗೆ ಒಳಪಟ್ಟವರು ಎಂದು ದೊಡ್ಡಮ್ಮನ ಲೆಕ್ಕ. ಸಿದ್ದಪ್ಪನಿಗೋ ದಿನಕ್ಕೆ ಒಂದು ಕಟ್ಟು ಬೀಡಿ.

"ಅಕ್ಕಾರ, ಸಾಹೇಬ್ರ ಸಿಗರೇಟಿಗಿ ಏನರೆ ಹಾಕ್ರಿ, ಬ್ಯಾಡ ಅನ್ನಂಗಿಲ್ಲ," ಎಂದ ಅವನು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು. "ಬಡವರ ಬೀಡಿ ಮ್ಯಾಲ ಯಾಕ್ರಿ ಕಣ್ಣು? ದಿನಾಪೂರ್ತಿ ಚೀಲ ಹೊತ್ತು ಎರಡು ದಮ್ ಹೊಡದ್ರ ಜೀವಕ್ಕ ಹಗುರ ಆಗ್ತದ. ಅದೊಂದ ಅದರಿ ನಮಗ."

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಬದಿಗಿಟ್ಟರು. ಮೆಲ್ಲಗೆ, "ಎದೆಯೊಳಗೆ ಹೋದ ಮೇಲೆ ಬಡವನದು ಯಾವುದು, ಸಾಹುಕಾರನದು ಯಾವುದು ಎಂದು ಹೊಗೆ ಕೇಳುವುದಿಲ್ಲ ತಮ್ಮಾ" ಎಂದರು. ಸಿದ್ದಪ್ಪ ಕೆಳಗಿಳಿದು ಎರಡು ಕೈಗೆ ಎರಡು ಕೊಡ ಹಿಡಿದು, ಬಾಯಲ್ಲಿ ಬೀಡಿ ಇಟ್ಟುಕೊಂಡೇ, ಐವತ್ತನಾಲ್ಕು ಮೆಟ್ಟಿಲನ್ನು ಓಡಿಕೊಂಡು ಹತ್ತಿದ. ಸಿಮೆಂಟಿನ ಮೂಟೆ ಹೊರುವವನಿಗೆ ಹಿತ್ತಾಳೆಯ ಕೊಡ ಯಾವ ಲೆಕ್ಕ? "ಇನ್ನೂ ನಾಕು ತರ್ಲೇನ್ರಿ ಅಕ್ಕಾರ?" ಎಂದು ನಿಂತ. ಮಾವಶಿ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನ ತೆರಿಗೆ ನೀತಿ ಸೋತು ಸುಣ್ಣವಾಯಿತು!

ಎರಡು ದಿನ ದೊಡ್ಡಮ್ಮ ಕಿಟಕಿಯಲ್ಲಿ ನಿಂತು ಸಿದ್ದಪ್ಪ ಕೆಲಸ ಮಾಡುವುದನ್ನೇ ನೋಡಿದರು. ಮೂರನೇ ದಿನ ಸಿದ್ದಪ್ಪನನ್ನು ಕರೆದು ತಿದ್ದುಪಡಿ ಓದಿ ಹೇಳಿದರು. ಹೊರುವುದು ನಿನಗೆ ನೋಯುವುದಿಲ್ಲ. ನಿನಗೆ ಬೇರೆ ದರ. ದಿನದ ಕಟ್ಟಿಗೆ ಕಾಲು ಗಂಟೆ ಕೆಳಗಿನ ಮೆಟ್ಟಿಲ ಮೇಲೆ ಸುಮ್ಮನೆ ಕೂರಬೇಕು. ಕೈಯಲ್ಲಿ ಏನೂ ಇರಬಾರದು, ಏನೂ ಹೊರಬಾರದು, ಏಳಬಾರದು.

ಸಿದ್ದಪ್ಪ ನಕ್ಕುಬಿಟ್ಟ. ಸಂಜೆ ಕೆಲಸ ಮುಗಿಸಿ ಬಂದು ಕೂತ. ಐದು ನಿಮಿಷ ಸರಿಯಾಗಿಯೇ ಕೂತ. ಆಮೇಲೆ ಕಾಲು ಅಲ್ಲಾಡಿತು. ಆಮೇಲೆ ಬೆರಳು ಮುರಿದ. ಹತ್ತನೇ ನಿಮಿಷಕ್ಕೆ ಮೇಲೆ ಮುಖ ಮಾಡಿ ಕೂಗಿದ: "ಅಕ್ಕಾರಾ! ಬೇಕಾದ್ರ ಹತ್ತು ಕೊಡ ಹೊರಸ್ರಿ! ಸುಮ್ಮ ಕುಂಡ್ರದು ಅಂದ್ರ ಜೀವ ಹೋಗ್ಲತ್ತದ್ರಿ!"

ಹುಟ್ಟಿದಂದಿನಿಂದ ಅವನನ್ನು ಸುಮ್ಮನೆ ಕೂರಿಸಿದವರೇ ಇರಲಿಲ್ಲವಂತೆ. ದೊಡ್ಡಮ್ಮ ಒಂದು ಲೋಟ ಮಜ್ಜಿಗೆ ಕೆಳಗೆ ಕಳಿಸಿ, ಉಳಿದ ಐದು ನಿಮಿಷವನ್ನೂ ಬಿಡದೆ ವಸೂಲು ಮಾಡಿದರು. ವಾರ ಕಳೆಯುವಷ್ಟರಲ್ಲಿ ಕಟ್ಟು ಅರ್ಧ ಕಟ್ಟಾಯಿತು. ಮುಂದೆ ಕೆಲಸ ಮುಗಿದು ಅವನು ಬೇರೆ ಕಡೆ ಹೋದ. ಎಷ್ಟೋ ವರ್ಷದ ನಂತರ, ಕಳಂಬೋಲಿಯ ಕಬ್ಬಿಣದ ಬಾಜಾರಿನಲ್ಲಿ ಹಮಾಲಿ ಮಾಡುತ್ತಿದ್ದಾಗ, ಒಂದು ದೀಪಾವಳಿಗೆ ಹೆಂಡತಿ ಮಕ್ಕಳ ಜೊತೆ ದೊಡ್ಡಮ್ಮನನ್ನು ನೋಡಲು ಬಂದವನು ಮೇಲೆ ಬಾರದೆ ಆ ಮೆಟ್ಟಿಲ ಮೇಲೇ ಕೂತಿದ್ದ. "ಬೀಡಿ ಬಿಟ್ಟೀನ್ರಿ ಅಕ್ಕಾರ," ಎಂದ. "ಈ ಕುಂಡ್ರದೊಂದು ಬಿಡಲಾಕ ಆಗವಲ್ದು." ಯಾರಿಗೆ ಎಲ್ಲಿ ತಾಗುತ್ತದೆ ಎಂದು ನೋಡಿ ತೆರಿಗೆ ಹಾಕಬೇಕೆಂಬ ಈ ಬುದ್ಧಿ ಬಿ.ಕಾಂ. ಓದಿದ ನನಗೆ ಹೊಳೆದಿರಲಿಲ್ಲ. ದಿಲ್ಲಿಯವರಿಗೂ ಹೊಳೆದಿತ್ತೋ ಇಲ್ಲವೋ, ನನಗೆ ಅನುಮಾನ.

ಆದರೆ ಎಲ್ಲ ಖಜಾನೆಗಳಿಗೂ ಬರುವ ಕಷ್ಟ ದೊಡ್ಡಮ್ಮನ ಖಜಾನೆಗೂ ಬಂತು. ತೆರಿಗೆ ಫಲಿಸತೊಡಗಿತು! ದೊಡ್ಡಪ್ಪನ ಹತ್ತು ಏಳಾಯಿತು, ಏಳು ನಾಲ್ಕಾಯಿತು, ನಾಲ್ಕು ಎರಡಕ್ಕೆ ಇಳಿಯಿತು. ಬ್ಯಾಂಕಿನ ಕಾಕಾ ಸ್ವಾತಂತ್ರ್ಯವನ್ನೇ ಬಿಟ್ಟುಕೊಟ್ಟು ಅಡಿಕೆಗೆ ಇಳಿದರು. ಉಳಿದವರೂ ಒಬ್ಬೊಬ್ಬರಾಗಿ ಕೈಬಿಟ್ಟರು. ಗೆದ್ದೆವು ಎಂದು ನಾನು ಬೀಗುತ್ತಿದ್ದರೆ, ಅತ್ತ ಮಾವಶಿಯ ಡ್ರಮ್ಮಿನಲ್ಲಿ ನೀರು ತಳ ಕಂಡಿತ್ತು. ಮಾವಶಿ ಎಂದೂ ಕೇಳಿದವರಲ್ಲ. ಆದರೆ ಪೋಳಿಯ ಡಬ್ಬಿಗಳು ಕಡಿಮೆಯಾದವು.

ಕಾಕಾ ಅಡಿಕೆ ಜಗಿಯುತ್ತಾ ಬಂದು ಚುಚ್ಚಿದರು. "ಈಗೇನು ಮಾಡುತ್ತೀರಿ ಮಂತ್ರಿಣೀ ಬಾಯಿ? ಸರಕಾರದ್ದೂ ಇದೇ ಪೇಚು. ಜನ ಬಿಡಲಿ ಎಂದು ತೆರಿಗೆ ಹಾಕುವುದು, ಬಿಟ್ಟರೆ ಬೊಕ್ಕಸ ಬರಿದು! ನಾಲ್ಕು ಜನಕ್ಕೆ ಮತ್ತೆ ಸೇದಲು ಹೇಳಲೇನು?"

ದೊಡ್ಡಮ್ಮ ಆ ಮಾತಿಗೆ ನಗಲಿಲ್ಲ. ದೊಡ್ಡಪ್ಪ ಊಟ ಮಾಡುತ್ತಿದ್ದವರು ತಲೆ ಎತ್ತಿ ಮಾವಶಿಯ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಊಟ ಮುಂದುವರಿಸಿದರು. ಅಷ್ಟೇ ನಡೆದದ್ದು.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ದೊಡ್ಡಪ್ಪ ಹೊಸ್ತಿಲಿಗೆ ಬಂದು ದಿನಾ "ಎರಡು" ಎನ್ನುತ್ತಿದ್ದರು. ಒಂದಲ್ಲ, ಮೂರಲ್ಲ, ಸರಿಯಾಗಿ ಎರಡು. ಕೆಲವು ದಿನ "ನಾಲ್ಕು". ಕೈಯಲ್ಲಿ ಮೊಗ್ರಾ ಬೇರೆ. ಕೊಡ ಹಿಡಿದು ಇಳಿಯುತ್ತಿದ್ದರು, ಮಾವಶಿಯ ಡ್ರಮ್ಮಿಗೆ ಸುರಿಯುತ್ತಿದ್ದರು. ನನಗೆ ಕೋಪ ಬಂತು. ಬಿಡುವ ಹಂತಕ್ಕೆ ಬಂದವರು ಮತ್ತೆ ಏರುತ್ತಿದ್ದಾರಲ್ಲ! ನನ್ನ ಆಫೀಸೂ ಠಾಣೆಯಲ್ಲೇ ಇದ್ದುದರಿಂದ ನಾವಿಬ್ಬರೂ ಒಂದೇ ಲೋಕಲಿನಲ್ಲಿ ಬರುತ್ತಿದ್ದೆವು. ನಾನು ಒಂದು ತಿಂಗಳು ಅವರ ಮೇಲೆ ಕಣ್ಣಿಟ್ಟೆ. ಒಂದು ಸಿಗರೇಟು ಹಚ್ಚಿದ್ದು ಕಾಣಲಿಲ್ಲ. ಸ್ಟೇಷನ್ ಎದುರಿನ ಪಾನ್ ಅಂಗಡಿಯವನೇ ಒಂದು ದಿನ ನನ್ನನ್ನು ಕರೆದು, "ನಿಮ್ಮ ಅಂಕಲ್ ಊರಿಗೆ ಹೋದರಾ? ಅಂಗಡಿ ಕಡೆ ಬಂದು ಎರಡು ತಿಂಗಳಾಯಿತು" ಎಂದ.

ಯೋಚನೆ ಮಾಡಿ! ಜಕಾತ್ ನಾಕಾಗಳು ಹುಟ್ಟಿದಂದಿನಿಂದ ಇದ್ದ ಮಾಲನ್ನು ಇಲ್ಲ ಎಂದವರು ಸಾವಿರ ಜನ. ಇಲ್ಲದ ಮಾಲನ್ನು ಇದೆ ಎಂದು ಹೇಳಿ ತೆರಿಗೆ ಕಟ್ಟಿದವರು ನಮ್ಮ ದೊಡ್ಡಪ್ಪ ಒಬ್ಬರೇ!

ಅಂದು ದೊಡ್ಡಪ್ಪ ಎಂದಿನಂತೆ "ಎರಡು" ಎಂದು ಹೇಳಿ, ಕೊಡ ಹಿಡಿದು ಕೆಳಗಿಳಿದರು. ನಾನು ಅಡುಗೆಮನೆಗೆ ಹೋಗಿ ಗುಟ್ಟು ಒಡೆದೆ. "ದೊಡ್ಡಮ್ಮ, ದೊಡ್ಡಪ್ಪ ನಿಮಗೆ ಸುಳ್ಳು ಹೇಳ್ತಾ ಇದ್ದಾರೆ. ಅವರು ಸೇದುವುದೇ ಇಲ್ಲ! ಎರಡು ತಿಂಗಳಾಯಿತು ಬಿಟ್ಟು."

ಕುಣಿಯುತ್ತಾರೆ ಎಂದುಕೊಂಡಿದ್ದೆ. ಶೀರಾ ಮಾಡುತ್ತಾರೆ ಎಂದುಕೊಂಡಿದ್ದೆ. ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟು, ನನ್ನ ಕೈ ಹಿಡಿದು ಬಾಗಿಲ ಹಿಂದೆ ಎಳೆದುಕೊಂಡು ಹೋದರು.

"ಗೊತ್ತುಂಟು. ಮಾತಾಡಬೇಡ. ಕೇಳು."

ಕೆಳಗೆ ಕೊಡ ಟಾಂಕಿಯಲ್ಲಿ ಮುಳುಗಿದ ಸದ್ದಾಯಿತು. ಆಮೇಲೆ ಚಪ್ಪಲಿಯ ಸದ್ದು ಮೆಟ್ಟಿಲೇರತೊಡಗಿತು. ದೊಡ್ಡಮ್ಮನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

"ಹದಿನೆಂಟು. ಮೊದಲು ಇಲ್ಲಿ ನಿಲ್ಲುತ್ತಿದ್ದರು. ನಿಂತು ಕೆಮ್ಮುತ್ತಿದ್ದರು, ನೆನಪುಂಟಾ?" ಸದ್ದು ನಿಲ್ಲಲಿಲ್ಲ. "ಮೂವತ್ತಾರು. ಇಲ್ಲಿ ಕೂತೇ ಬಿಡುತ್ತಿದ್ದರು. ಮಗ, ಓಡಿ ಹೋಗಿ ಕೊಡ ಇಳಿಸಬೇಕು ಅನ್ನಿಸುತ್ತಿತ್ತು. ತೆರಿಗೆ ಹಾಕಿದ ದಿನದಿಂದ ಒಂದು ದಿನವೂ ತಪ್ಪಿಸದೆ ಇಲ್ಲಿ ನಿಂತು ಕೇಳಿದ್ದೇನೆ. ಎಲ್ಲಿ ನಿಲ್ಲುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಎಂದು. ಡಾಕ್ಟ್ರು ಎರಡು ವರ್ಷ ಅಂದಿದ್ದರಲ್ಲ? ಇದು ಐದನೆಯದು ಮಾರಾಯ!"

ಮೂರು ವರ್ಷ ಈ ಹೆಂಗಸನ್ನು ಕಲ್ಲು ಎಂದುಕೊಂಡವನು ನಾನು! ಸರಕಾರಗಳು ತೆರಿಗೆ ಹಾಕಬೇಕೋ ಬೇಡವೋ ಎಂದು ಈಗಲೂ ಯಾರಾದರೂ ವಾದಕ್ಕೆ ಕರೆಯುತ್ತಾರೆ. ಹಾಕಲಿ, ಜೋರಾಗಿಯೇ ಹಾಕಲಿ ಎನ್ನುತ್ತೇನೆ. ಆದರೆ ಹಾಕಿದವರು ಬಾಗಿಲ ಹಿಂದೆ ನಿಂತು, ಕಟ್ಟುವವನ ಉಸಿರು ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಂಡ ಒಬ್ಬರನ್ನು ನಾನು ಬಲ್ಲೆ, ಅವರು ನನ್ನ ದೊಡ್ಡಮ್ಮ. ಈ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ದೊಡ್ಡಪ್ಪ ಮಾವಶಿಯ ಡ್ರಮ್ಮಿಗೆ ನೀರು ಸುರಿದು ನಮ್ಮ ಹೊಸ್ತಿಲಿಗೆ ಬಂದರು. ಕಿಸೆಯಿಂದ ಮೊಗ್ರಾ ತೆಗೆದು ಕೊಟ್ಟರು. ದೊಡ್ಡಮ್ಮ ಹೂವನ್ನೂ ಮೂಸಿದರು, ಅವರ ಅಂಗಿಯನ್ನೂ ಮೂಸಿದರು.

"ವಾಸನೆಯೇ ಇಲ್ಲ. ಹಾಗಾದರೆ ಹೂ ಯಾಕೆ?"

ದೊಡ್ಡಪ್ಪ ತಲೆ ಕೆರೆದುಕೊಂಡು, "ಹಾಗೇ" ಎಂದರು.

ದೊಡ್ಡಮ್ಮ ನಮಗೆ ಬೆನ್ನು ಹಾಕಿ ಹೂ ಮುಡಿದರು. ಮುಡಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹಾಗೆಯೇ ನಿಂತು ಹೇಳಿದರು: "ಸುಳ್ಳು ಲೆಕ್ಕ ಕೊಟ್ಟರೆ ಎರಡರಷ್ಟು, ಕಾನೂನು ಗೊತ್ತುಂಟಲ್ಲ? ನಾಲ್ಕರಲ್ಲಿ ಒಂದು ಬಂತು, ಇನ್ನು ಮೂರು ಕೊಡ ಉಂಟು. ಇಳಿಯಿರಿ."

ದೊಡ್ಡಪ್ಪ ಹೆಂಡತಿಗೆ ಎಲ್ಲ ಗೊತ್ತೆಂದು ತಿಳಿದು, ಹುಡುಗನ ಹಾಗೆ ನಕ್ಕು ಕೊಡ ಎತ್ತಿಕೊಂಡು ಇಳಿದರು. ದೊಡ್ಡಮ್ಮ ಮತ್ತೆ ಬಾಗಿಲ ಹಿಂದೆ ಹೋಗಿ ನಿಂತರು. ಈ ಸಲ ಕರೆಯದಿದ್ದರೂ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಹದಿನೆಂಟು ದಾಟಿತು. ಮೂವತ್ತಾರು ದಾಟಿತು. ಐವತ್ತನಾಲ್ಕು ಆಗುವವರೆಗೆ ಆ ಚಪ್ಪಲಿಯ ಸದ್ದು ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡಮ್ಮ ಸೆರಗಿನಿಂದ ಬೇಗಬೇಗ ಕಣ್ಣೊರೆಸಿಕೊಂಡರು. ದೊಡ್ಡಪ್ಪ ಬಾಗಿಲಿಗೆ ಬರುವಷ್ಟರಲ್ಲಿ ಮುಖ ಗಂಟಿಕ್ಕಿಕೊಂಡು, "ಇನ್ನೂ ಎರಡು" ಎಂದರು.